ಅಜ್ಜಿ ಮಾಡಿದ ಪಾಲು

ನಮ್ಮ ಸೀಮೆಯ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ ನಾನು ಇಸವಿಗಳನ್ನು ಎಣಿಸುತ್ತೇನೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದುದು 1933ರಲ್ಲಿ; ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದುದು 1938ರಲ್ಲಿ; ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದುದು 1939ರಲ್ಲಿ. ಇವುಗಳ ನಡುವೆಯೇ ಬೆಳೆದವಳು ನನ್ನ ಅಜ್ಜಿ. ಆಕೆಗೆ ಮಾತ್ರ ಒಂದು ಇಸವಿಯೂ ತಿಳಿಯದು. "ನೀರು ಬಂದ ವರ್ಸ", "ನೀರು ಬರದ ವರ್ಸ" — ಇವೆರಡೇ ಆಕೆಯ ಪಂಚಾಂಗ.

ಅಜ್ಜಿಯ ತವರು ಮಳವಳ್ಳಿಯ ಕಡೆಯ ರಾಗಿಯ ಹೊಲಗಳ ಊರು. ಮದುವೆಯಾಗಿ ಬಂದುದು ಮದ್ದೂರಿಗೆ. ಮುಗಿಲು ನೋಡಿ ಬಾಳಿದವಳು ನಾಲೆ ನೋಡಿ ಬಾಳತೊಡಗಿದಳು. ಒಂದೂವರೆ ಎಕರೆ ಗದ್ದೆ, ಕಬ್ಬು, ಆಲೆಮನೆಯ ಬೆಲ್ಲ; ಇಬ್ಬರು ಗಂಡುಮಕ್ಕಳು. 1964ರಲ್ಲಿ ತಾತ ತೀರಿಕೊಂಡಾಗ ದೊಡ್ಡಪ್ಪನಿಗೆ ಹದಿನಾರು, ನನ್ನ ತಂದೆಗೆ ಹದಿಮೂರು. ಇಬ್ಬರನ್ನೂ ಓದಿಸುವ ಶಕ್ತಿ ಮನೆಗಿರಲಿಲ್ಲ. ದೊಡ್ಡಪ್ಪ ಪುಸ್ತಕ ಮುಚ್ಚಿ ಆಲೆಮನೆಯ ಒಲೆಯ ಮುಂದೆ ಕುಳಿತರು. ತಮ್ಮ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಓದಿದರು. ಅಜ್ಜಿಯ ಕೊರಳ ಅಡ್ಡಿಕೆ ಶುಲ್ಕಕ್ಕೆ ಕರಗಿತು. ತಂದೆ ಉಪಾಧ್ಯಾಯರಾದರು.

1991ರಲ್ಲಿ ಮನೆ ಪಾಲಾಯಿತು. ಹನ್ನೊಂದರ ಹುಡುಗನಾಗಿದ್ದ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಪಂಚರು ಗದ್ದೆಯನ್ನು ಸಮವಾಗಿ ಸೀಳುವುದೆಂದರು. ಅಜ್ಜಿ ಒಳಗಿನಿಂದ ಬಂದು ಹೇಳಿದಳು:

"ಅಕ್ಸರ ಅವುನ್ ಪಾಲು, ಮಣ್ಣು ಇವುನ್ ಪಾಲು. ಎಲ್ಡೂ ಒಬ್ನೇ ಉಂಡ್ರೆ ನ್ಯಾಯ ಅಂದಾರಾ?"

ನನ್ನ ತಾಯಿ ಬಾಗಿಲ ಮರೆಯಲ್ಲಿ ಕಣ್ಣೀರಿಟ್ಟರು. "ನಮ್ಮ ಮಕ್ಕಳಿಗೆ ಹಾಗಾದರೆ ಏನತ್ತೆ?" ಎಂದರು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ರುಜು ಹಾಕಿದರು. ಅಂದಿನಿಂದ ಅಜ್ಜಿ ಇದ್ದುದು ದೊಡ್ಡಪ್ಪನ ಮನೆಯಲ್ಲಿಯೇ. ಬಹುಕಾಲ ನನಗೂ ಆಕೆಯ ಮೇಲೆ ಮುನಿಸಿತ್ತೆಂಬುದನ್ನು ಮುಚ್ಚಿಡಲಾರೆ.

ಆದರೆ ಆ ತಕ್ಕಡಿ ನಿಜವಾಗಿ ಸಮವಾಗಿತ್ತೆ? 2002-03ರ ಬರದಲ್ಲಿ ನಾಲೆ ಒಣಗಿತು, ಕಬ್ಬು ನಿಂತಲ್ಲಿಯೇ ಒಣಗಿತು, ದೊಡ್ಡಪ್ಪನಿಗೆ ಉಳಿದುದು ಸಾಲ. ನಮ್ಮ ಮನೆಗೆ ತಿಂಗಳು ತಪ್ಪದೆ ಸಂಬಳ ಬರುತ್ತಿತ್ತು. ಮಣ್ಣಿಗೆ ಬರವುಂಟು, ಅಕ್ಷರಕ್ಕಿಲ್ಲ. ಇದನ್ನು ಮೊದಲು ಕಂಡುಕೊಂಡವಳೂ ಅಕ್ಷರವರಿಯದ ಅಜ್ಜಿಯೇ. ತಂದೆಯನ್ನು ಕರೆಸಿ, "ನಾನ್ ಮಾಡಿದ್ ಪಾಲು ತೆಪ್ಪಾಯ್ತು ಕಣ್ ಮಗ. ನೀನಿನ್ನೂ ಕೊಡೋದದೆ" ಎಂದಳು. ಮನೆ ಪಾಲಾದಾಗ ಅಷ್ಟು ಗಟ್ಟಿಯಾಗಿ ನುಡಿದವಳು, ಆ ವಯಸ್ಸಿನಲ್ಲಿ ತನ್ನ ತಪ್ಪನ್ನು ತಾನೇ ಆಡಿದಳು. ದೊಡ್ಡಪ್ಪನ ಮಗಳ ಓದಿನ ಭಾರವನ್ನು ತಂದೆ ಅಂದೇ ಹೊತ್ತರು. ಈ ಸಲ ನನ್ನ ತಾಯಿ ಅಳಲಿಲ್ಲ. ತಮ್ಮ ಎರಡು ಬಳೆಗಳನ್ನು ತಾವೇ ತೆಗೆದುಕೊಟ್ಟರು.

ಅಜ್ಜಿ 2012ರಲ್ಲಿ ತೀರಿಕೊಂಡಳು. ಅದೂ ಆಕೆಯ ಲೆಕ್ಕದಲ್ಲಿ ನೀರು ಬರದ ವರ್ಷವೇ. ಆ ತಂಗಿ ಇಂದು ಮಳವಳ್ಳಿಯಲ್ಲಿ ಅಧ್ಯಾಪಕಿ. ಅಜ್ಜಿಯ ತವರಿಗೆ ಅಜ್ಜಿಯ ಋಣ ಹೀಗೆ ಅಕ್ಷರವಾಗಿ ಹಿಂದಿರುಗಿತು. ಪಾಠ ಹೇಳಿ ಅನ್ನ ತಿನ್ನುವ ನನಗೆ, ಆಲೆಮನೆಯ ಒಲೆಯ ಮುಂದೆ ಕುಳಿತ ಆ ಹದಿನಾರರ ಹುಡುಗನ ನೆನಪಾಗದ ದಿನವಿಲ್ಲ. ನನ್ನ ಪಾಲು ಇನ್ನೂ ಬಾಕಿಯಿದೆ.