ತೋಟದ ಕೂಲಿ: ದಯೆಯೋ, ಋಣವೋ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗೃಹಸ್ಥರಲ್ಲಿ ಬಹುಮಂದಿಗೆ ಅಡಿಕೆಯ ತೋಟವೇ ಜೀವನಾಧಾರವೆಂಬುದು ಸರ್ವವಿದಿತವಾದುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಯಲು ಆಳು ಜಾರುವ ಮರವನ್ನೇರುತ್ತಾನೆ. ಸುಗ್ಗಿಯಲ್ಲಿ ಕೊನೆಗಾರನು ಕೊನೆಯನ್ನಿಳಿಸುತ್ತಾನೆ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಕಾಯಿ ಸುಲಿಯುತ್ತಾರೆ. ಇವರಿಗೆ ಸಲ್ಲತಕ್ಕ ಕೂಲಿಯು ಯಜಮಾನನ ದಯೆಯೋ, ಅವನು ತೀರಿಸತಕ್ಕ ಋಣವೋ?

ಈ ಪ್ರಶ್ನೆಯು ಇಂದಿನದಲ್ಲ. ಕೂಲಿಯವನ ಕರಾರು ನೆರೆಹೊರೆಯವರಿಗೆ ತಿಳಿದಿರತಕ್ಕದ್ದೆಂದೂ, ಕೂಲಿಯನ್ನು ಮೊದಲೇ ಗೊತ್ತುಮಾಡದಿದ್ದಲ್ಲಿ ಬೇಸಾಯದ ಆಳಿಗೆ ಬೆಳೆಯ ಹತ್ತರಲ್ಲೊಂದು ಪಾಲು ಸಲ್ಲತಕ್ಕದ್ದೆಂದೂ, ಕೂಲಿ ಕೊಡದವನು ದಂಡಾರ್ಹನೆಂದೂ ಕೌಟಿಲ್ಯನು ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಿಧಿಸಿದ್ದಾನೆ.

ಸ್ವತಂತ್ರ ಭಾರತದಲ್ಲಿ 1951ರ ತೋಟಗಾರಿಕಾ ಕಾರ್ಮಿಕರ ಶಾಸನವು ಚಹಾ, ಕಾಫಿ, ರಬ್ಬರು ಮೊದಲಾದ ದೊಡ್ಡ ತೋಟಗಳ ಆಳುಗಳಿಗೆ ವಸತಿ, ವೈದ್ಯ, ಶಿಶುಪಾಲನೆಗಳನ್ನು ಒದಗಿಸಬೇಕೆಂದಿತು. ಆ ಶಾಸನದ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯೂ 5 ಹೆಕ್ಟೇರಿಗೆ ಕಡಿಮೆಯಲ್ಲದ ಇಂತಹ ತೋಟಗಳನ್ನೇ ಹೆಸರಿಸುತ್ತದೆ. ಅಡಿಕೆಯು ಅದರಲ್ಲಿಲ್ಲ, ಸರ್ಕಾರವು ಬೇರೆಯಾಗಿ ಪ್ರಕಟಿಸಿದರೆ ಮಾತ್ರ ಸೇರಬಹುದು. ಹೀಗಾಗಿ ಒಂದೇ ಊರಿನಲ್ಲಿ ದೊಡ್ಡ ಕಾಫಿ ತೋಟದ ಆಳಿಗಿರುವ ಆಸರೆಯು ಪಕ್ಕದ ಎರಡೆಕರೆ ಅಡಿಕೆತೋಟದ ಕೊನೆಗಾರನಿಗಿಲ್ಲ.

ಇದರಿಂದ ಸಣ್ಣ ತೋಟದವರಿಗೆ ಯಾವ ಶಾಸನವೂ ತಗಲದೆಂದು ವಾಚಕರು ಭಾವಿಸಲಾಗದು. ಕನಿಷ್ಠ ವೇತನಕ್ಕೆ ತೋಟದ ಅಳತೆಯಿಲ್ಲ. 1948ರ ಕನಿಷ್ಠ ವೇತನ ಶಾಸನವೇ ಬೇಸಾಯದ ಕೆಲಸವನ್ನು ಒಳಗೊಂಡಿದ್ದಿತು. ಈಗ 2019ರ ವೇತನ ಸಂಹಿತೆಯು ಅದರ ಸ್ಥಾನದಲ್ಲಿದೆ. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದೊಡನೆ ಕೊಡತಕ್ಕದ್ದು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲದೆ ಕೊಡತಕ್ಕದ್ದು. ಸುಲಿದಷ್ಟಕ್ಕೆ ಎಣಿಸುವ ಕೂಲಿಗೂ ಕನಿಷ್ಠ ದರವುಂಟು.

ಮುಂಗಡದ ಮಾತೊಂದುಂಟು. ಮದುವೆಗೋ ಔಷಧಕ್ಕೋ ಕೊಟ್ಟ ಹಣವನ್ನು ನೆಪಮಾಡಿ ಆಳನ್ನು ಬೇರೆಡೆಗೆ ಹೋಗಗೊಡದಿರುವುದೇ ಜೀತ. 1976ರ ಶಾಸನವು ಜೀತವನ್ನು ತೊಡೆದು, ಆ ಸಾಲವನ್ನೂ ರದ್ದುಗೊಳಿಸಿತು.

ಆದುದರಿಂದ ಪ್ರತಿ ಮನೆಯಲ್ಲಿಯೂ ಕೂಲಿಯ ಲೆಕ್ಕಕ್ಕೆ ಪ್ರತ್ಯೇಕ ಪುಸ್ತಕವಿರಲಿ. ದಿನ, ಕೆಲಸ, ದರ, ಮುಂಗಡ ಇವನ್ನು ಬರೆದು ಆಳಿನ ಮುಂದೆ ಓದಿ ಹೇಳಲಿ. ಸುಲಿಯುವ ಹೆಂಗಸರ ಲೆಕ್ಕವು ಸಾಮಾನ್ಯವಾಗಿ ಗೃಹಿಣಿಯರ ಕೈಯಲ್ಲಿರುವುದರಿಂದ ಈ ಕಾರ್ಯವನ್ನು ಅವರೇ ಆರಂಭಿಸಬಹುದು. ಅಡಿಕೆ ಮಾರಿದ ಹಣ ಬರುವವರೆಗೆ ತಾಳೆಂದು ಹೇಳುವ ಮೊದಲು, ಆ ತಾಯಿಯ ಮನೆಯ ಒಲೆಯೂ ಅಂದು ಸಂಜೆಯೇ ಉರಿಯಬೇಕೆಂಬುದನ್ನು ನೆನೆಯುವುದು.