ತೆನೆ ಹೊತ್ತ ಮಹಿಳೆಯ ಪಕ್ಷ: ಮೈಸೂರಿನಲ್ಲಿ ನಿಂತು ನೋಡಿದಾಗ

2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಕ್ಷೇತ್ರದ ಉಪಚುನಾವಣೆಯ ಎಣಿಕೆ ಮುಗಿದಾಗ ಗೆದ್ದವರಿಗೂ ಸೋತವರಿಗೂ ನಡುವೆ ಉಳಿದದ್ದು 257 ಮತಗಳ ಅಂತರ. ಗೆದ್ದವರು ಕಾಂಗ್ರೆಸ್‌ಗೆ ಆಗಷ್ಟೇ ಬಂದಿದ್ದ ಸಿದ್ದರಾಮಯ್ಯ, ಸೋತವರು ಜಾತ್ಯತೀತ ಜನತಾದಳದ (ಜೆಡಿಎಸ್) ಶಿವಬಸಪ್ಪ. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಜೆಡಿಎಸ್‌ನವರು, ಸರ್ಕಾರದಲ್ಲಿ ಜೊತೆಗಿದ್ದದ್ದು ಬಿಜೆಪಿ. ಇಡೀ ಆಡಳಿತವೇ ಬೆನ್ನಿಗಿದ್ದರೂ ಪಕ್ಷಕ್ಕೆ ಆ ಸ್ಥಾನ ದಕ್ಕಲಿಲ್ಲ. ಕರ್ನಾಟಕದ ಈ ಪ್ರಾದೇಶಿಕ ಪಕ್ಷದ ಏಳುಬೀಳನ್ನು ಅರಿಯಲು ಮೈಸೂರಿಗಿಂತ ಒಳ್ಳೆಯ ಜಾಗವಿಲ್ಲ.

ಜೆಡಿಎಸ್ ಹುಟ್ಟಿದ್ದು 1999ರಲ್ಲಿ. 1994ರಲ್ಲಿ 115 ಸ್ಥಾನ ಗೆದ್ದು ರಾಜ್ಯ ಆಳಿದ್ದ ಜನತಾದಳ, ಬಿಜೆಪಿ ಮೈತ್ರಿಕೂಟದ ಜೊತೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಎರಡು ಹೋಳಾಯಿತು. ಶರದ್ ಯಾದವ್, ಜೆ.ಎಚ್. ಪಟೇಲ್ ಒಂದು ಕಡೆ, ಎಚ್.ಡಿ. ದೇವೇಗೌಡರು ಇನ್ನೊಂದು ಕಡೆ. ಜನತಾದಳದ ಚಕ್ರದ ಚಿಹ್ನೆ ಇಬ್ಬರಿಗೂ ಸಿಗಲಿಲ್ಲ. ಗೌಡರ ಬಣಕ್ಕೆ ಮುಂದೆ ತೆನೆ ಹೊತ್ತ ರೈತ ಮಹಿಳೆಯ ಗುರುತು ಬಂತು. ಹೊಸ ಪಕ್ಷದ ಮೊದಲ ರಾಜ್ಯಾಧ್ಯಕ್ಷರಾದವರು ಮೈಸೂರಿನ ಸಿದ್ದರಾಮಯ್ಯ. ಆ ವರ್ಷ ವಿಧಾನಸಭೆಯ 224 ಸ್ಥಾನಗಳಲ್ಲಿ ಪಕ್ಷ ಗೆದ್ದದ್ದು ಹತ್ತನ್ನು ಮಾತ್ರ. ಮೂರು ವರ್ಷದ ಹಿಂದೆ ಪ್ರಧಾನಿಯಾಗಿದ್ದ ದೇವೇಗೌಡರು ಲೋಕಸಭಾ ಚುನಾವಣೆಯಲ್ಲಿ ಹಾಸನದಲ್ಲೇ ಸೋತರು, ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತರು.

ಐದು ವರ್ಷಕ್ಕೆ ಚಿತ್ರವೇ ಬದಲಾಯಿತು. 2004ರಲ್ಲಿ ಪಕ್ಷ 58 ಸ್ಥಾನ ಗೆದ್ದಿತು. ಮತಪ್ರಮಾಣ ಶೇ. 10ರ ಆಸುಪಾಸಿನಿಂದ ಶೇ. 20ಕ್ಕೆ ಏರಿತು. ಬಿಜೆಪಿಗೆ 79, ಕಾಂಗ್ರೆಸ್‌ಗೆ 65. ಯಾರಿಗೂ ಬಹುಮತವಿಲ್ಲದ ಆ ಸದನದಲ್ಲಿ ಕಾಂಗ್ರೆಸ್‌ನ ಧರ್ಮಸಿಂಗ್ ಮುಖ್ಯಮಂತ್ರಿ, ಜೆಡಿಎಸ್‌ನ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಒಕ್ಕಲಿಗರ ಗಟ್ಟಿ ಬೆಂಬಲದ ಮೇಲೆ ಕುರುಬರು, ಇತರ ಹಿಂದುಳಿದವರು, ಮುಸ್ಲಿಮರು, ದಲಿತರ ಒಂದು ಭಾಗ ಸೇರಿಕೊಂಡಿತ್ತು. ಇಂದು ಬಿಜೆಪಿಯ ಭದ್ರ ನೆಲೆ ಎನಿಸಿರುವ ಮೈಸೂರಿನ ಕೃಷ್ಣರಾಜ ಕ್ಷೇತ್ರದಲ್ಲೂ ಆಗ ಗೆದ್ದದ್ದು ಜೆಡಿಎಸ್‌ನ ಎಂ.ಕೆ. ಸೋಮಶೇಖರ್. ನಗರದ ಕುವೆಂಪುನಗರ ಬಡಾವಣೆಯ ಮತದಾರರು ಈಗ ಸೇರಿರುವುದು ಇದೇ ಕ್ಷೇತ್ರಕ್ಕೆ.

ಆ ಒಗ್ಗೂಡಿಕೆ ಉಳಿಯಲಿಲ್ಲ. ಅಹಿಂದ (ಅಲ್ಪಸಂಖ್ಯಾತ, ಹಿಂದುಳಿದ, ದಲಿತ) ಸಮಾವೇಶಗಳಲ್ಲಿ ಸಿದ್ದರಾಮಯ್ಯ ತೊಡಗಿಕೊಂಡದ್ದು ಪಕ್ಷದ ವರಿಷ್ಠರಿಗೆ ಹಿಡಿಸಲಿಲ್ಲ. 2005ರಲ್ಲಿ ಅವರು ಉಪಮುಖ್ಯಮಂತ್ರಿ ಸ್ಥಾನ ಕಳೆದುಕೊಂಡರು, ಪಕ್ಷದಿಂದಲೂ ಹೊರಬಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಕುಮಾರಸ್ವಾಮಿ ಬಿಜೆಪಿ ಜೊತೆಗೂಡಿ ಮುಖ್ಯಮಂತ್ರಿಯಾದರು. ಯಾವ ಪ್ರಶ್ನೆಯ ಮೇಲೆ 1999ರಲ್ಲಿ ಪಕ್ಷ ಒಡೆದಿತ್ತೋ ಅದಕ್ಕೆ ಏಳೇ ವರ್ಷದಲ್ಲಿ ತದ್ವಿರುದ್ಧ ಉತ್ತರ ಕೊಟ್ಟಂತಾಯಿತು. ಚಾಮುಂಡೇಶ್ವರಿಯ 257 ಮತಗಳ ಸೋಲನ್ನು ಈ ಎರಡು ಘಟನೆಗಳ ಜೊತೆಗಿಟ್ಟೇ ಓದಬೇಕು. ಇಡೀ ರಾಜ್ಯದ ಪಕ್ಷವಾಗಿ ಬೆಳೆಯುವ ಅವಕಾಶವನ್ನು ಜೆಡಿಎಸ್ ಕಳೆದುಕೊಂಡದ್ದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. 2007ರಲ್ಲಿ ಒಪ್ಪಂದದಂತೆ ಬಿಜೆಪಿಗೆ ಅಧಿಕಾರ ಬಿಟ್ಟುಕೊಡದೆ ಹೋದದ್ದು ಇನ್ನಷ್ಟು ಹೊಡೆತ ಕೊಟ್ಟಿತು. 2008ರಲ್ಲಿ ಬಿಜೆಪಿ 110ಕ್ಕೆ ಏರಿತು, ಜೆಡಿಎಸ್ 28ಕ್ಕೆ ಇಳಿಯಿತು.

ಮುಂದಿನ ಅಂಕಿಗಳು: 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19. ಮತಪ್ರಮಾಣ 2018ರವರೆಗೂ ಶೇ. 18ರಿಂದ 20ರ ಸುತ್ತಲೇ ಇತ್ತು, 2023ರಲ್ಲಿ ಶೇ. 13ರ ಆಸುಪಾಸಿಗೆ ಕುಸಿಯಿತು. ಗೆಲುವಿನ ಬಹುಪಾಲು ಹಾಸನ, ಮಂಡ್ಯ, ಮೈಸೂರು, ರಾಮನಗರ, ತುಮಕೂರು, ಕೋಲಾರ ಭಾಗದ್ದೇ. ಮತ ಒಂದೇ ಸೀಮೆಯಲ್ಲಿ ಒತ್ತಾಗಿರುವುದರಿಂದ ಕಡಿಮೆ ಪ್ರಮಾಣದಲ್ಲೂ ಸ್ಥಾನಗಳು ಸಿಗುತ್ತವೆ. ಅದೇ ಕಾರಣಕ್ಕೆ ಪಕ್ಷ ಆ ಸೀಮೆ ದಾಟುವುದೂ ಕಷ್ಟ. ಆದರೂ ಬಾಳಿಕೆಯನ್ನು ಮೆಚ್ಚಲೇಬೇಕು. ದೇವರಾಜ ಅರಸರ ಕ್ರಾಂತಿರಂಗ, ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್, ಯಡಿಯೂರಪ್ಪನವರ ಕೆಜೆಪಿ, ಎಲ್ಲವೂ ಒಂದೆರಡು ಚುನಾವಣೆಯಲ್ಲಿ ಕರಗಿಹೋದವು. ಇಪ್ಪತ್ತೈದು ವರ್ಷ ದಾಟಿದ್ದು ಜೆಡಿಎಸ್ ಒಂದೇ. ನೀರಾವರಿ, ಕಾವೇರಿ, ಸಾಲಮನ್ನಾ ಎಂದು ರೈತನ ಮಾತನ್ನು ಬಿಡದೆ ಆಡಿದ್ದು ಅದಕ್ಕೆ ದೊಡ್ಡ ಕಾರಣ.

ಮೈಸೂರು ಜಿಲ್ಲೆಯಲ್ಲಿ 2018ರಲ್ಲಿ ಪಕ್ಷಕ್ಕೆ ಒಳ್ಳೆಯ ಫಲ ಸಿಕ್ಕಿತು. ಹನ್ನೊಂದು ಸ್ಥಾನಗಳಲ್ಲಿ ಐದು ಜೆಡಿಎಸ್‌ಗೆ: ಚಾಮುಂಡೇಶ್ವರಿ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ತಿ. ನರಸೀಪುರ. ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರು, ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರನ್ನು 36,042 ಮತಗಳಿಂದ ಸೋಲಿಸಿದರು. ಆದರೆ ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಮೂರರಲ್ಲೂ ಪಕ್ಷಕ್ಕೆ ಗೆಲುವಿಲ್ಲ. ಚಾಮುಂಡೇಶ್ವರಿಯಲ್ಲಿ ಗೆದ್ದ ಜೆಡಿಎಸ್, ಸೋತ ಕಾಂಗ್ರೆಸ್ ಎರಡೂ ಸೇರಿ ಬೆಂಗಳೂರಿನಲ್ಲಿ ಮೈತ್ರಿ ಸರ್ಕಾರ ಮಾಡಿಕೊಂಡವು. 14 ತಿಂಗಳಲ್ಲಿ ಅದು ಬಿತ್ತು. ಬೀಳಿಸಿದವರಲ್ಲಿ ಜೆಡಿಎಸ್ ರಾಜ್ಯಾಧ್ಯಕ್ಷರಾಗಿದ್ದ ಹುಣಸೂರಿನ ಎಚ್. ವಿಶ್ವನಾಥ್ ಕೂಡ ಇದ್ದರು. 2023ಕ್ಕೆ ಜಿಲ್ಲೆಯಲ್ಲಿ ಉಳಿದದ್ದು ಎರಡೇ ಸ್ಥಾನ: ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡ, ಹುಣಸೂರಿನಲ್ಲಿ ಅವರ ಮಗ ಹರೀಶ್ ಗೌಡ.

ನಗರದಲ್ಲಿ ಪಕ್ಷಕ್ಕೆ ಬಲ ಇದ್ದದ್ದು ಪಾಲಿಕೆಯಲ್ಲಿ. 2018ರ ಚುನಾವಣೆಯಲ್ಲಿ 65 ವಾರ್ಡ್‌ಗಳ ಪೈಕಿ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18. ಹೀಗಾಗಿ ಮೇಯರ್ ಗದ್ದುಗೆಯ ಕೀಲಿಕೈ ಮೂರನೇ ಸ್ಥಾನದವರ ಬಳಿ ಉಳಿಯಿತು. 2020ರಲ್ಲಿ ಜೆಡಿಎಸ್‌ನ ತಸ್ನೀಂ ಮೇಯರಾದರು, ಮರುವರ್ಷ ರುಕ್ಮಿಣಿ ಮಾದೇಗೌಡ. ರುಕ್ಮಿಣಿಯವರ ಸದಸ್ಯತ್ವ ನ್ಯಾಯಾಲಯದಲ್ಲಿ ರದ್ದಾಗಿ, ಕಾಂಗ್ರೆಸ್ ಜೊತೆಗಿನ ಹೊಂದಾಣಿಕೆಯೂ ಮುರಿದು, 2021ರ ಆಗಸ್ಟ್‌ನಲ್ಲಿ ಕುವೆಂಪುನಗರ ಭಾಗದ ಸದಸ್ಯೆ ಸುನಂದಾ ಪಾಲನೇತ್ರ ಮೈಸೂರಿನ ಮೊದಲ ಬಿಜೆಪಿ ಮೇಯರಾದರು. ವಿಧಾನಸೌಧದಲ್ಲಿ ನಡೆದದ್ದೇ ಪಾಲಿಕೆಯ ಸಭಾಂಗಣದಲ್ಲೂ ನಡೆಯಿತು. ಯಾರು ಕೂರಬೇಕೆಂದು ಜೆಡಿಎಸ್ ತೀರ್ಮಾನಿಸಿತು, ತನ್ನ ನೆಲವನ್ನು ಮಾತ್ರ ಹಿಗ್ಗಿಸಿಕೊಳ್ಳಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಪಕ್ಷ ಎನ್‌ಡಿಎ ಸೇರಿತು. 2024ರ ಲೋಕಸಭಾ ಚುನಾವಣೆಯಲ್ಲಿ ಮೂರು ಕಡೆ ಸ್ಪರ್ಧಿಸಿ ಮಂಡ್ಯ, ಕೋಲಾರ ಗೆದ್ದಿತು. ಹಾಸನ ಕೈತಪ್ಪಿತು. ಕುಮಾರಸ್ವಾಮಿ ಕೇಂದ್ರ ಸಚಿವರಾದರು. ಮೈಸೂರು-ಕೊಡಗು ಕ್ಷೇತ್ರವನ್ನು 2019ರಲ್ಲಿ ಕಾಂಗ್ರೆಸ್‌ಗೆ, 2024ರಲ್ಲಿ ಬಿಜೆಪಿಗೆ ಬಿಟ್ಟುಕೊಟ್ಟದ್ದರಿಂದ, ಎರಡು ಲೋಕಸಭಾ ಚುನಾವಣೆಗಳಲ್ಲಿ ಕುವೆಂಪುನಗರದ ಮತಗಟ್ಟೆಗಳ ಮತಯಂತ್ರದಲ್ಲಿ ತೆನೆ ಹೊತ್ತ ಮಹಿಳೆಯ ಚಿಹ್ನೆಯೇ ಇರಲಿಲ್ಲ.