ಸೇತುವೆ ನಿಜ, ರೈಲು ನಿಜ, ಬಿದ್ದದ್ದೂ ನಿಜ!

ಉರಿಯುತ್ತಿರುವ ಮರದ ಸೇತುವೆ. ಅದರ ಮೇಲೆ ಹೊಗೆ ಕಾರುತ್ತ ಬರುವ ಉಗಿ ಎಂಜಿನ್. ನಡುಮಧ್ಯಕ್ಕೆ ಬಂದದ್ದೇ ತಡ, ಸೇತುವೆ ಲಟಲಟನೆ ಮುರಿದು ಇಡೀ ಎಂಜಿನ್ ನದಿಗೆ ಕುಸಿಯುತ್ತದೆ! ಆಟಿಕೆಯ ರೈಲಲ್ಲ, ಕಂಪ್ಯೂಟರಿನ ಮಾಯೆಯಂತೂ ಅಲ್ಲವೇ ಅಲ್ಲ. ಇದು 1926ರ ಮಾತು!

ಬಸ್ಟರ್ ಕೀಟನ್ನನ ಮೂಕಿಚಿತ್ರ ‘ದಿ ಜನರಲ್’ ನೋಡುತ್ತ ಕೂತರೆ ಕಣ್ಣು ಮಿಟುಕಿಸಲೂ ಮನಸ್ಸಾಗದು. ಅಮೆರಿಕದ ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಊರಿನ ಹತ್ತಿರ, ರೌ ನದಿಯ ಮೇಲೆ ಸೇತುವೆ ಕಟ್ಟಿಸಿ, ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಅಸಲಿ ಎಂಜಿನ್ನನ್ನೇ ಬೀಳಿಸಿದರು. ಎರಡನೇ ಟೇಕ್ ಎಲ್ಲಿಂದ ಬರಬೇಕು? ಆ ಒಂದು ಶಾಟಿಗೇ 42,000 ಡಾಲರ್ ಆಯಿತೆನ್ನುತ್ತಾರೆ. ಸುತ್ತಲಿನ ಜನ ಜಾತ್ರೆಗೆ ಬಂದಂತೆ ನೆರೆದಿದ್ದರಂತೆ. ಬಿದ್ದ ಎಂಜಿನ್ ಎರಡನೇ ಮಹಾಯುದ್ಧದ ಕಾಲಕ್ಕೆ ಗುಜರಿಗೆ ಹೋಗುವವರೆಗೂ ನದಿಯಲ್ಲೇ ಇತ್ತು!

ಕಥೆಗೂ ಅಸಲಿ ಬೇರಿದೆ. 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಉತ್ತರದ ಗೂಢಚಾರರು ದಕ್ಷಿಣದವರ ‘ಜನರಲ್’ ಎಂಬ ಎಂಜಿನ್ ಕದ್ದು ಓಡಿಸಿದ್ದರು. ಕೀಟನ್ ಅದೇ ಹಳೆಯ ಎಂಜಿನ್ ಕೇಳಿದ. ಹಾಸ್ಯಚಿತ್ರಕ್ಕೆಂದು ಗೊತ್ತಾದಾಗ ಅದರ ಒಡೆಯರು ಕೊಡಲಿಲ್ಲ. ಹಾಗಾಗಿ ಒರೆಗಾನ್‌ನ ನಾಟಾ ಸಾಗಿಸುವ ಹಳಿಗಳಿಗೆ ಬಂದ. ಅಲ್ಲಿನ ನ್ಯಾಷನಲ್ ಗಾರ್ಡ್ ಸೈನಿಕರೇ ಎಕ್ಸ್‌ಟ್ರಾಗಳು. ನೀಲಿ ಸಮವಸ್ತ್ರ ತೊಟ್ಟು ಒಂದು ಕಡೆಯಿಂದ ನುಗ್ಗುವುದು, ಬೂದುಬಣ್ಣದ್ದು ತೊಟ್ಟು ಇನ್ನೊಂದು ಕಡೆಯಿಂದ ನುಗ್ಗುವುದು: ತಮ್ಮ ಮೇಲೆ ತಾವೇ ದಂಡೆತ್ತಿ ಹೋದ ಸೈನ್ಯ! (ಕಥೆ ಹೇಳಿದ ಮೂಲ ಪುಸ್ತಕ ಉತ್ತರದವನದು. ಕೀಟನ್ ನಾಯಕನನ್ನು ಗುಲಾಮಗಿರಿಯ ದಕ್ಷಿಣಕ್ಕೆ ಸೇರಿಸಿಬಿಟ್ಟ. ಇಂದು ನೋಡುವಾಗ ಇದು ಚುಚ್ಚುತ್ತದೆ, ಚುಚ್ಚಲೇಬೇಕು.)

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಸೇತುವೆಯಲ್ಲ, ಒಂದು ಪುಟ್ಟ ದೃಶ್ಯ. ಕೀಟನ್ ತಾನೇ ಆಡಿದ ನಾಯಕನನ್ನು ಪ್ರೇಯಸಿ ದೂರ ಸರಿಸಿದ್ದಾಳೆ. ಅವನು ಎಂಜಿನ್ ಗಾಲಿಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಮುಖ ಬಾಡಿಸಿಕೊಂಡು ಕೂರುತ್ತಾನೆ. ಎಂಜಿನ್ ಹೊರಡುತ್ತದೆ, ದಂಡ ಅವನನ್ನು ಮೇಲೆತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ; ಅವನಿಗೆ ಗೊತ್ತೇ ಇಲ್ಲ! ಡ್ರೈವರ್ ಉಗಿಯನ್ನು ಕೊಂಚ ಜಾಸ್ತಿ ಬಿಟ್ಟಿದ್ದರೆ ಗಾಲಿ ಜಾರಿ ಗಿರ್ರನೆ ತಿರುಗಿ ಕೀಟನ್ನನ ಪ್ರಾಣವೇ ಹೋಗುತ್ತಿತ್ತು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗುವುದಿಲ್ಲ. ಇನ್ನೊಂದೆಡೆ, ಓಡುವ ಎಂಜಿನ್ನಿನ ಮೂತಿಯ ಮೇಲೆ ಕೂತು, ಕೈಲಿದ್ದ ಸ್ಲೀಪರ್ ಮರದ ತುಂಡನ್ನು ಹಳಿಗೆ ಅಡ್ಡಬಿದ್ದ ಇನ್ನೊಂದು ತುಂಡಿನ ತುದಿಗೆ ಎಸೆದು, ಎರಡನ್ನೂ ಒಟ್ಟಿಗೆ ಹಾರಿಸುತ್ತಾನೆ. ಗುರಿ ತಪ್ಪಿದ್ದರೆ? ಕೇಳಬೇಡಿ!

ಇಷ್ಟೆಲ್ಲ ಮಾಡಿದವನಿಗೆ 1927ರ ಅಮೆರಿಕ ಏನು ಕೊಟ್ಟಿತು? ಆಕಳಿಕೆ! ವಿಮರ್ಶಕರು ನಗು ಸಾಲದು ಎಂದರು. ಖರ್ಚಿಗೆ ತಕ್ಕ ಗಳಿಕೆ ಬರಲಿಲ್ಲ. ಪಾಪ, ಅವರು ಕೇಳಿದ್ದು ಬರಿ ಚೇಷ್ಟೆ, ಸಿಕ್ಕಿದ್ದು ಯುದ್ಧವೂ ಆಗಿರುವ ಚೇಷ್ಟೆ. 1928ರಲ್ಲಿ ಕೀಟನ್ ಎಂಜಿಎಂ ಸ್ಟುಡಿಯೊ ಸೇರಿ ಸ್ವಾತಂತ್ರ್ಯವನ್ನೇ ಕಳೆದುಕೊಂಡ.

ಆಮೇಲಿನದು ಇನ್ನೂ ಸೋಜಿಗ. 1972ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಗಾಗಿ ಜಗತ್ತಿನ ವಿಮರ್ಶಕರು ಆರಿಸಿದ ಸಾರ್ವಕಾಲಿಕ ಹತ್ತು ಚಿತ್ರಗಳಲ್ಲಿ ಇದೂ ಇತ್ತು! 1989ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಿತ್ರಪಟ್ಟಿಗೆ ಮೊದಲು ಸೇರಿಸಿದ 25 ಚಿತ್ರಗಳಲ್ಲೂ ಇತ್ತು! ಅಷ್ಟರಲ್ಲಿ ಕೀಟನ್ ತೀರಿಕೊಂಡು 23 ವರ್ಷವಾಗಿತ್ತು.